ಮಡಿಲಿಗೆ ಬಿದ್ದ ದವಡೆ

ಅಕ್ಟೋಬರ್ 27, ಸೋಮವಾರ

ಕೆಲಸ ಸಿಕ್ಕಿತು. ಕನ್ನಡ ಎಂ.ಎ. ಓದಿದವನಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಅವ್ವ ಕೇಳಿದಳು. ಬಂದವರ ಹೆಸರು ಬರೆದುಕೊಳ್ಳುವುದು, ಫೋನ್ ಎತ್ತುವುದು, ಡಾಕ್ಟರು ಕೇಳಿದ ಸಾಮಾನು ಕೈಗೆ ಕೊಡುವುದು ಎಂದೆ. ನಿಜವಾದ ಕಾರಣ ಹೇಳಲಿಲ್ಲ. ಇಡೀ ಚಳ್ಳಕೆರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಇರಬೇಕೆಂದು ಕಡ್ಡಾಯ ಮಾಡಿರುವ ಕೆಲಸ ನನಗೆ ಕಂಡದ್ದು ಇದೊಂದೇ.

ನನ್ನ ಮೇಲಿನ ಹಲ್ಲುಗಳು ಮುಂದಕ್ಕೆ ಬಂದಿವೆ. ಸ್ವಲ್ಪ ಅಲ್ಲ. ಹೈಸ್ಕೂಲಿನಲ್ಲಿ ಹುಡುಗರು, "ಮೊದ್ಲು ಹಲ್ಲು ಕ್ಲಾಸಿಗೆ ಬರ್ತವೆ, ಹಿಂದಿಂದ ಮಹಾಂತೇಶ ಬರ್ತಾನೆ" ಎನ್ನುತ್ತಿದ್ದರು. ಅಂದಿನಿಂದ ನನ್ನ ಎಡಗೈ ಬಾಯಿಯ ಮುಂದೆಯೇ ವಾಸವಾಗಿದೆ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, "ಕೈ ತೆಗೆದು ಹೇಳಿ" ಎಂದರು. ನಾನು ಎಡಗೈ ತೆಗೆದು ಬಲಗೈ ಇಟ್ಟುಕೊಂಡೆ. ಕಾವ್ಯಗಳಲ್ಲಿ ಹಲ್ಲೆಂದರೆ ಮಲ್ಲಿಗೆಯ ಮೊಗ್ಗು, ದಾಳಿಂಬೆಯ ಬೀಜ. ಉಬ್ಬುಹಲ್ಲಿಗೆ ಒಂದು ಒಳ್ಳೆಯ ಉಪಮೆಯನ್ನು ಯಾರೂ ಕೊಟ್ಟದ್ದು ನಾನು ಓದಿಲ್ಲ.

ಡಾಕ್ಟರ ಹೆಸರು ಜ್ಯೋತಿಲಕ್ಷ್ಮಿ. ಸೊಟ್ಟ ಹಲ್ಲುಗಳಿಗೆ ಕಂಬಿ ಕಟ್ಟಿ ಸಾಲಿಗೆ ತರುವುದು ಅವರ ಕೆಲಸ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಗಟ್ಟಿ ದನಿ. ನಾನು ಒಳಗೆ ಕಾಲಿಟ್ಟಾಗ ಟೈಲರ್ ಎದೆ ನೋಡುವ ಹಾಗೆ ನನ್ನ ಮಾಸ್ಕನ್ನು ನೋಡಿದರು. ಬಟ್ಟೆಯ ಮೇಲಿನಿಂದಲೇ ಅಳತೆ ಸಿಕ್ಕಿತೆಂದು ಕಾಣುತ್ತದೆ.

ಅಕ್ಟೋಬರ್ 30, ಗುರುವಾರ

ಗುರುವಾರಗಳಲ್ಲಿ ಮೇಡಂ ಮೊಳಕಾಲ್ಮೂರಿಗೆ ಹೋಗುತ್ತಾರೆ. ಅಲ್ಲಿ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಇದೆ. ಇವತ್ತು ನಾನೂ ಹೋದೆ. ಕೆಳಗೆ ಸೀರೆ ಬಿಡಿಸಿ ತೋರಿಸುತ್ತಾರೆ, ಮೇಲೆ ಬಾಯಿ ಬಿಡಿಸಿ ನೋಡುತ್ತಾರೆ.

"ಮುದ್ದೆ ತೊಳಸೋಕೆ ಬರುತ್ತಾ?" ಎಂದು ಮೇಡಂ ಕೇಳಿದರು. ಬರುತ್ತದೆ ಎಂದು ತಲೆಯಾಡಿಸಿದೆ. ಒಂದು ರಬ್ಬರ್ ಬಟ್ಟಲು, ಗುಲಾಬಿ ಬಣ್ಣದ ಪುಡಿ, ನೀರು ಕೊಟ್ಟರು. ಗಂಟಾಗದಂತೆ ಬೇಗ ಬೇಗ ತೊಳಸಬೇಕು. ಅದನ್ನು ಒಂದು ತಟ್ಟೆಯಲ್ಲಿ ತುಂಬಿ ರೋಗಿಯ ಬಾಯಿಗೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗಿ ಹಲ್ಲಿನ ಅಚ್ಚು ಮೂಡುತ್ತದೆ. ಆ ಅಚ್ಚಿಗೆ ಬಿಳಿ ಪ್ಲಾಸ್ಟರ್ ಸುರಿದರೆ ರೋಗಿಯ ದವಡೆಯೇ ಎದ್ದು ಬರುತ್ತದೆ. ಅದರ ತಳಕ್ಕೆ ಪೆನ್ಸಿಲಿನಲ್ಲಿ ಹೆಸರು ಬರೆದು, ಕಾಗದ ಸುತ್ತಿ ಚಳ್ಳಕೆರೆಗೆ ತಂದು, ಅದರ ಮೇಲೆ ಅಳತೆ ಹಿಡಿದು ಕಂಬಿ ಬಗ್ಗಿಸುತ್ತಾರೆ.

"ಮೇಲಿನ ಹಲ್ಲು ಕೆಳಗಿನದಕ್ಕಿಂತ ಎರಡು ಮಿಲಿಮೀಟರ್ ಮುಂದಿರಬೇಕು. ಎಲ್ಲರಿಗೂ ಅದೇ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ನನ್ನ ಗಿರಾಕಿ," ಎಂದು ಮೇಡಂ ಪಾಠ ಮಾಡಿದರು. ನನ್ನ ಕಡೆ ನೋಡದೆ ಹೇಳಿದರು. ಅದು ಅವರ ದೊಡ್ಡತನ.

ನವೆಂಬರ್ 3, ಸೋಮವಾರ

ಇವತ್ತು ಒಂದು ಮಾತೂ ಆಡದೆ ಸಂಜೆಯಾಯಿತು. ಸುಖ.

ನವೆಂಬರ್ 6, ಗುರುವಾರ

ಮೊದಲಿನಿಂದ ಬರೆಯುತ್ತೇನೆ.

ಮೊಳಕಾಲ್ಮೂರಿನಲ್ಲಿ ಇವತ್ತು ಐದು ಜನರ ಅಚ್ಚು ತೆಗೆಯುವುದಿತ್ತು. ನಾಲ್ವರದು ಸಲೀಸಾಗಿ ಆಯಿತು. ಐದನೆಯವಳು ಶೃತಿ, ಮಗ್ಗದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು. ಹಲ್ಲಿನ ಮೇಲೆ ಹಲ್ಲು ಹತ್ತಿ ಕೂತಿದೆ. ಗುಲಾಬಿ ಹಿಟ್ಟು ನೋಡಿದ್ದೇ ತುಟಿ ಬಿಗಿಹಿಡಿದಳು. ಮೇಡಂ ಬೆರಳು ಹಾಕಿದರು. ಕಚ್ಚಿದಳು.

"ಮೊದ್ಲು ಆ ಅಣ್ಣಂದು ಮಾಡ್ರಿ. ನಾನು ನೋಡ್ತೀನಿ. ಅವ್ರು ಸಾಯ್ಲಿಲ್ಲ ಅಂದ್ರೆ ನಂದು ಮಾಡ್ರಿ."

ಮೇಡಂ ಕಚ್ಚಿಸಿಕೊಂಡ ಬೆರಳನ್ನು ನನ್ನ ಕಡೆ ತೋರಿಸಿದರು. "ಕೂತ್ಕೊ ಮಹಾಂತೇಶ್."

ನಾನು ಕೂತೆ. ಮಾಸ್ಕ್ ತೆಗೆಯುವಾಗ ಅದರ ದಾರ ಕಿತ್ತುಹೋಯಿತು. ಆ ಹಿಟ್ಟು ತಣ್ಣಗೆ ಗಂಟಲಿನವರೆಗೂ ಇಳಿದು ಕೂತಿತು. ಕಣ್ಣಲ್ಲಿ ನೀರು ಬಂದರೂ ಶೃತಿಯ ಎದುರು ಸತ್ತಿಲ್ಲವೆಂದು ತೋರಿಸಲು ಕೈ ಬೀಸಿದೆ. ಅಚ್ಚು ಹೊರಗೆ ಬಂದ ಮೇಲೆ ಮೇಡಂ ಅಷ್ಟಕ್ಕೇ ಬಿಡದೆ ಸಣ್ಣ ಸ್ಟೀಲ್ ಸ್ಕೇಲನ್ನು ನನ್ನ ಹಲ್ಲಿಗೆ ಒತ್ತಿ ಹಿಡಿದು, ಯಾರೋ ಸಿಕ್ಸರ್ ಹೊಡೆದಂತೆ ಕೂಗಿದರು: "ಹತ್ತು ಮಿಲಿಮೀಟರ್!"

"ನಂದೆಷ್ಟು ಐತೆ?" ಎಂದಳು ಶೃತಿ.

"ನಿಂದು ನಾಲ್ಕಿರಬಹುದು."

"ಅಷ್ಟೇನಾ?" ಅವಳಿಗೆ ನಿರಾಸೆಯಾಯಿತು. ನಂತರ ತಾನಾಗಿಯೇ ಬಾಯಿ ತೆರೆದಳು. ಮುಗಿದ ಮೇಲೆ ಮಾತ್ರ, "ಇನ್ನೊಂದ್ ಸಲ ಈ ಹಿಟ್ಟು ಇಟ್ರೆ ಎಸ್ಸೆಸ್ಸೆಲ್ಸಿ ಮುಗಿಯಾವರ್ಗೂ ಬಾಯಿ ತೆಗಿಯಲ್ಲ, ಹೇಳೀನಿ" ಎಂದು ಎಚ್ಚರಿಕೆ ಕೊಟ್ಟು ಹೋದಳು.

ಮೇಡಂ ಅಲ್ಲಿಂದಲೇ ಬಳ್ಳಾರಿಗೆ ತಂಗಿಯ ಮನೆಗೆ ಹೊರಟರು. ಭಾನುವಾರ ರಾತ್ರಿ ಬರುತ್ತಾರೆ. "ದವಡೆ ಜೋಪಾನ ಮಹಾಂತೇಶ್. ಮುಂದಿನ ಗುರುವಾರ ಶೃತಿಗೆ ಕಂಬಿ ಇರೋ ಪ್ಲೇಟು ಕೂರಿಸಬೇಕು. ಆ ದವಡೆ ಕಳೆದರೆ ಅವಳು ಮತ್ತೆ ಬಾಯಿ ತೆಗೆಯೋಲ್ಲ, ನಾನು ನಿನ್ನನ್ನ ಮತ್ತೆ ಬಾಗಿಲಿಗೆ ಸೇರಿಸೋಲ್ಲ" ಎಂದರು. ನಗುತ್ತಲೇ ಹೇಳಿದರು. ಆದರೂ ಹೇಳಿದರು.

ಕೆಳಗಿನ ಸೀರೆ ಅಂಗಡಿಯವರು ಒಂದು ಕೆಂಪು ಕೈಚೀಲ ಕೊಟ್ಟರು. ಮೇಡಂ ನನ್ನ ಅಚ್ಚಿಗೂ ಪ್ಲಾಸ್ಟರ್ ಸುರಿದಿದ್ದರು. ಅದೂ ಸೇರಿ ಆರು ಜನರ ದವಡೆ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿದ್ದ ಒಬ್ಬರು ಕೂತರು. ಅವರ ಕೈಯಲ್ಲೂ ಅದೇ ಅಂಗಡಿಯ ಅದೇ ಕೆಂಪು ಚೀಲ. ಎರಡೂ ಚೀಲ ನಮ್ಮ ಕಾಲ ಬುಡದಲ್ಲಿ ಅಣ್ಣ ತಮ್ಮಂದಿರ ಹಾಗೆ ಕೂತಿದ್ದವು.

ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವರು ಮೊದಲು ಎದ್ದರು. ನನ್ನ ಚೀಲ ಎತ್ತಿಕೊಂಡರು. ನಾನು ನೋಡಿದೆ. ಕಿಟಕಿಯಿಂದಲೂ ನೋಡಿದೆ. ಅವರು ಪರಶುರಾಂಪುರದ ಬಸ್ಸಿನ ಕಡೆ ಓಡುತ್ತಿದ್ದರು. 'ಅಣ್ಣಾ, ಅದು ನನ್ನ ಚೀಲ' ಎಂದರೆ ಸಾಕಿತ್ತು. ಮಾತು ಹಲ್ಲಿನವರೆಗೆ ಬಂದು ನಿಂತಿತು. ಮಾಸ್ಕ್ ಕಿತ್ತುಹೋಗಿದೆ, ಬಸ್ಸಿನ ತುಂಬ ಜನ, ಕೂಗಬೇಕಾದರೆ ಬಾಯಿ ಅಗಲ ತೆರೆಯಬೇಕು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡು "ಮ್ಮ್" ಎಂದೆ. ಯಾರಿಗೂ ಕೇಳಲಿಲ್ಲ. ಆ ಬಸ್ ಹೋಯಿತು.

ಮನೆಗೆ ಬಂದು ಉಳಿದ ಚೀಲ ಬಿಚ್ಚಿ ನೋಡಿದೆ. ಹಸಿರು ರೇಷ್ಮೆ ಸೀರೆ, ಕುಪ್ಪಸದ ಕಣ, ಗಾಜಿನ ಬಳೆ, ಅರಿಶಿನದ ಕೊಂಬು, ಕೊಬ್ಬರಿ ಗಿಟುಕು. ಯಾರೋ ಬಸುರಿಗೆ ಮಡಿಲು ತುಂಬುವ ಸಾಮಾನು ಎಂದು ಅವ್ವ ಒಂದೇ ನೋಟಕ್ಕೆ ಹೇಳಿದಳು. ಸೀರೆ ಅಂಗಡಿಗೆ ಫೋನ್ ಮಾಡಿದೆ. ಅವರು ಹಲೋ ಎಂದರು. ಇಟ್ಟುಬಿಟ್ಟೆ.

ನವೆಂಬರ್ 7, ಶುಕ್ರವಾರ

ಬೆಳಿಗ್ಗೆಯೇ ಹೊಸ ಮಾಸ್ಕ್ ಹಾಕಿಕೊಂಡು, ಸಾಲದೆಂದು ಅದರ ಮೇಲೆ ಕೈಯನ್ನೂ ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ನಿನ್ನೆಯ ಬಸ್ಸಿನ ಕಂಡಕ್ಟರ್ ಸಿಕ್ಕಿದ. ಹತ್ತಿರ ಹೋಗಿ ಬಗ್ಗಿ ಏನೋ ಹೇಳಲು ಹೊರಟೆ. ಅವನು ಒಂದು ಹೆಜ್ಜೆ ಹಿಂದೆ ನೆಗೆದ.

"ಏ ಡ್ರೈವರಣ್ಣಾ, ಬಸ್ ಹತ್ತಾಕ್ಕೆ ಮುಂಚೇನೇ ವಾಂತಿ ಗಿರಾಕಿ ಬಂದೈತೆ! ತಡಿಯಪ್ಪ, ತಡಿ, ತಡಿ!" ಎನ್ನುತ್ತ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರ್ ತುರುಕಿ, ಚೀಲದಿಂದ ನಿಂಬೆಹಣ್ಣು ತೆಗೆದು ಕೊಟ್ಟ. "ಮೂಸ್ಕಂಡು ಕೂತ್ಕ."

ಬೇಡ ಎನ್ನಲಾಗದೆ ಒಂದು ಸಲ ಮೂಸಿದೆ. ಆಮೇಲೆ ಕೆಂಪು ಚೀಲದ ವಿಷಯ ಹೇಳಿದೆ.

"ಕಂಬಳಿ ಹಾಕ್ಕಂಡಿದ್ದೋನಾ? ಅವನು ಯರ್ರಪ್ಪ ಕಣಯ್ಯ. ಕುರಿ ಸಾಕ್ತಾನೆ. ಪರಶುರಾಂಪುರದಾಗೆ ಇಳಿದು ಅವನ ಹಟ್ಟಿ ಯಾವ್ದು ಅಂತ ಕೇಳು, ಕುರಿಗಳೂ ತೋರಿಸ್ತವೆ. ಅಲ್ಲಯ್ಯ, ಅವನು ಇಳಿವಾಗ ಒಂದ್ ಕೂಗು ಹಾಕಿದ್ರೆ ಆಗ್ತಿರ್ಲಿಲ್ವಾ?"

ನಿಂಬೆಹಣ್ಣು ಇಟ್ಟುಕೊಂಡು ಪರಶುರಾಂಪುರದ ಬಸ್ ಹತ್ತಿದೆ.

ಪರಶುರಾಂಪುರದಿಂದ ಈರುಳ್ಳಿ ಹೊಲಗಳ ನಡುವೆ ನಡೆದು ಹಟ್ಟಿ ಸೇರುವಷ್ಟರಲ್ಲಿ ದೂರದಿಂದಲೇ ಗಲಾಟೆ ಕೇಳಿತು. ಯಾರೋ ಬೈಯುತ್ತಿದ್ದರು, ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಮನೆಯ ಮುಂದೆ ಚಪ್ಪರ. ಅದರ ಕೆಳಗೆ ಕಂಬಳಿಯ ಮೇಲೆ ಒಬ್ಬ ತುಂಬು ಬಸುರಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಎದುರು ಹಿತ್ತಾಳೆ ತಟ್ಟೆಯಲ್ಲಿ ನನ್ನ ದವಡೆಗಳು. ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು. ಶೃತಿಯ ದವಡೆಗೆ ಹೂವನ್ನೂ ಇಟ್ಟಿದ್ದರು.

ಹೆಂಗಸರು ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಹೇಳಿದ್ದರಿಂದ ತಿಳಿದದ್ದು ಇಷ್ಟು. ಬಸುರಿ ಯರ್ರಪ್ಪನ ಹೆಂಡತಿ ರೂಪ. ಇವತ್ತು ಅವಳಿಗೆ ಮಡಿಲು ತುಂಬುವ ಶಾಸ್ತ್ರ. ಹೊಸ ಸೀರೆಯ ಚೀಲವನ್ನು ಶಾಸ್ತ್ರದ ಹೊತ್ತಿನವರೆಗೆ ಬಿಚ್ಚಬಾರದೆಂದು ದೇವರ ಮುಂದೆ ಇಟ್ಟಿದ್ದರು. ಮಡಿಲು ತುಂಬಲು ಕೂತವರು ಹಟ್ಟಿಯ ಹಿರಿಯರಾದ ಜುಂಜಮ್ಮ. ಅವರಿಗೆ ಎರಡೂ ಕಣ್ಣಿಗೆ ಪೊರೆ. ಚೀಲಕ್ಕೆ ಕೈ ಹಾಕಿದರೆ ಕಾಗದದಲ್ಲಿ ಸುತ್ತಿದ ಗಟ್ಟಿ ಗಟ್ಟಿ ಹೋಳುಗಳು. ಕೊಬ್ಬರಿ ಗಿಟುಕು ಎಂದುಕೊಂಡು ಕಾಗದ ಬಿಡಿಸಿ, ಅರಿಶಿನ ಕುಂಕುಮ ಹಚ್ಚಿ, ಒಂದೊಂದನ್ನೇ ರೂಪಳ ಮಡಿಲಿಗೆ ಹಾಕಿದರು. ಸೋಬಾನೆ ಹಾಡುತ್ತಿದ್ದವರು ಮೊದಲನೆಯದಕ್ಕೆ ದನಿ ತಗ್ಗಿಸಿದರು, ಎರಡನೆಯದಕ್ಕೆ ನಿಲ್ಲಿಸಿದರು. ಜುಂಜಮ್ಮ ಮಾತ್ರ ಹಾಡುತ್ತ ಹಾಕುತ್ತಲೇ ಹೋದರು.

"ನನ್ ಮಡಿಲಾಗೆ ಯಾರೋ ಕಿಸಿದಂಗಾತು ನೋಡಣ್ಣ," ಎಂದಳು ರೂಪ, ಕಣ್ಣೊರೆಸಿಕೊಳ್ಳುತ್ತ.

"ಕೊಬ್ರಿ ಅಂದ್ಕಂಡೆ ಕಣ್ರವ್ವ. ಸಣ್ಣ ಸಣ್ಣ ಗಿಟುಕು ತಂದವ್ನೆ ಜಿಪುಣ ಅಂತ ಬೈಕಂಡೆ," ಎಂದರು ಜುಂಜಮ್ಮ.

ಸೀರೆ ಅಂಗಡಿಯವನೇ ಮೋಸ ಮಾಡಿದನೆಂದು ಯರ್ರಪ್ಪ ಅವನ ಕತೆ ಮುಗಿಸಲು ಹೊರಟಿದ್ದ. ನನ್ನ ಕೈಯ ಚೀಲ ನೋಡಿ ನಿಂತ. "ಯಾರಯ್ಯ ನೀನು? ಬಾಯಿಗೆ ಬಟ್ಟೆ ಕಟ್ಕಂಡು ಕುರಿ ಕಳ್ಳ ಇದ್ದಂಗಿದ್ದೀಯ."

ನಾನು ಮಾಸ್ಕಿನೊಳಗಿಂದ ಹೇಳಿದ್ದು ನನಗೇ ಕೇಳಲಿಲ್ಲ. ಚೀಲ ಬಿಚ್ಚಿ ಸೀರೆ ತೋರಿಸಿದೆ. ಹಟ್ಟಿಯೇ ಉಸಿರು ಬಿಟ್ಟಿತು. ಯರ್ರಪ್ಪ ದವಡೆಗಳನ್ನು ತಾನೇ ಕಾಗದದಲ್ಲಿ ಸುತ್ತಿ ಕೊಡತೊಡಗಿದ. ಎಣಿಸಿ ನೋಡಿದರೆ ಐದೇ ಜನರದು. ಶೃತಿಯದು ಇತ್ತು. ನನ್ನದು ಇರಲಿಲ್ಲ.

ಅದು ಗೋಡೆಗೆ ಒರಗಿ ಕೂತಿದ್ದ ಯರ್ರಪ್ಪನ ತಾಯಿ ಹೊನ್ನಕ್ಕನ ಸೆರಗಿನಲ್ಲಿತ್ತು. ಎರಡೂ ಕೈಯಲ್ಲಿ, ಮೊಲದ ಮರಿ ಹಿಡಿದ ಹಾಗೆ ಹಿಡಿದುಕೊಂಡಿದ್ದರು.

"ಅವ್ವಾ, ಕೊಡು. ಅದು ಅವರ್ದು."

"ಕೊಡಲ್ಲ. ಇವು ನಮ್ಮ ಯಜಮಾನ್ರವು."

"ಅಪ್ಪ ತೀರ್ಕಂಡು ಎಷ್ಟ್ ವರ್ಸಾತವ್ವಾ!"

"ಅದಕ್ಕೇ ಕಣ್ಲಾ. ನಾನು ಆ ಹಲ್ಲು ಮರೀತೀನಾ? ಸೊಸೆ ಮಡಿಲಿಗೆ ತಾವಾಗೇ ಬಂದು ಬಿದ್ದವೆ. ಹಲ್ಲು ಮುಂದಾಗಿ ಕಳ್ಸವ್ರೆ, ಹಿಂದಿಂದ ಅವ್ರು ಬರ್ತಾರೆ. ಅವ್ರು ಇದ್ದಾಗ್ಲೂ ಹಂಗೇ ಅಲ್ವಾ? ಮೊದ್ಲು ಹಲ್ಲು ಬಾಗ್ಲಿಗೆ ಬಂದು ಬರ್ರಿ ಅಂತಿದ್ವು. ಆಮೇಲೆ ಅವ್ರು ಬರ್ತಿದ್ರು."

"ಅತ್ತೇ," ಎಂದು ರೂಪ ಕಿರುಚಿದಳು, "ಇಷ್ಟುದ್ದ ಹಲ್ಲಿರೋ ಕೂಸನ್ನ ನಾನು ಹೆರಲ್ಲ!"

ಬೇರೆ ದಾರಿ ಇರಲಿಲ್ಲ. ಇನ್ನೂ ಸುಮ್ಮನಿದ್ದರೆ ಆ ಹುಡುಗಿಯ ಹೊಟ್ಟೆಯಲ್ಲಿ ನಾನೇ ಹುಟ್ಟಬೇಕಾಗುತ್ತಿತ್ತು. ಮಾಸ್ಕ್ ತೆಗೆದೆ.

ಚಪ್ಪರ ನಿಶ್ಶಬ್ದವಾಯಿತು. ಕಣ್ಣು ಕಾಣದ ಜುಂಜಮ್ಮನೇ ಮೊದಲು, "ಏನಾತ್ರೇ? ಯಾರ್ ಬಂದ್ರೇ?" ಎಂದರು. "ಮುದ್ದಪ್ಪ ಮಾವ ಬಂದಂಗೈತೆ" ಎಂದು ಯಾರೋ ಹೊನ್ನಕ್ಕನ ಯಜಮಾನರ ಹೆಸರು ಹಿಡಿದು ಹೇಳಿದರು.

ಯರ್ರಪ್ಪ ಹತ್ತಿರ ಬಂದು ಸಂತೆಯಲ್ಲಿ ಟಗರು ಹಿಡಿದಂತೆ ನನ್ನ ಗದ್ದ ಹಿಡಿದು, ಹೆಬ್ಬೆರಳಿನಿಂದ ತುಟಿ ಎತ್ತಿ ನೋಡಿದ. "ಬಾಯಿ ಗೂಡೈತೆ," ಎಂದ. ಪೂರ್ತಿ ಹಲ್ಲು ಬಂದ ಕುರಿಗೆ ಹಾಗೆನ್ನುತ್ತಾರೆ. ಆಮೇಲೆ ತಲೆ ಕೆರೆದುಕೊಂಡ. "ಕುರಿಗೆ ಮೇಲ್ಗಡೆ ಮುಂದಿನ್ ಹಲ್ಲೇ ಇರಲ್ಲ. ಇದನ್ನ ಹೆಂಗ್ ಎಣಿಸಾದು ಅಂತ ಗೊತ್ತಾಗ್ತಿಲ್ಲ."

ಹೊನ್ನಕ್ಕ ಎದ್ದು ಬಂದರು. ಪ್ಲಾಸ್ಟರ್ ದವಡೆಯನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ಒಂದು ಸಲ ಅದನ್ನು, ಒಂದು ಸಲ ನನ್ನನ್ನು ನೋಡಿದರು. "ಅಯ್ಯೋ ನನ್ನಪ್ಪಾ," ಎಂದರು ಕೊನೆಗೆ, "ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಇಷ್ಟುದ್ದ ಬೆಳದ್ಬುಟ್ಯಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು. ಒಂದು ಕೈಯಲ್ಲಿ ದವಡೆಗಳು, ಇನ್ನೊಂದರಲ್ಲಿ ಕಂಡಕ್ಟರ್ ಕೊಟ್ಟ ನಿಂಬೆಹಣ್ಣು ಇದ್ದದ್ದರಿಂದ ಬಾಯಿ ಮುಚ್ಚಿಕೊಳ್ಳಲು ಆಗಲಿಲ್ಲ.

ಊಟಕ್ಕೆ ಕೂರಿಸಿದರು. ಕೂತಾಗ ಗೋಡೆಯ ಮೇಲೆ ಮುದ್ದಪ್ಪನವರ ಫೋಟೋ ಕಂಡಿತು. ಬಿಗಿದ ತುಟಿ, ಗಾಬರಿ ಕಣ್ಣು. ಹೊನ್ನಕ್ಕ ನನ್ನ ತಟ್ಟೆಗೆ ತುಪ್ಪ ಹಾಕುತ್ತ ಹೇಳಿದರು. "ಇದೊಂದೇ ಫೋಟೋ ಇರಾದು. ತೆಗೆಯೋನು 'ಬಾಯಿ ಮುಚ್ರಿ ಯಜಮಾನ್ರೇ' ಅಂದ. ಮುಚ್ಕಂಡ್ರು. ಈಗ ನೋಡು, ಯಾರೋ ಬ್ಯಾರೇರು ನಮ್ಮನೆ ಗೋಡೆ ಮೇಲವ್ರೆ. ನಂಗೆ ಒಂದೊಂದ್ ದಿನ ಅವ್ರ ಮುಖಾನೇ ನೆಪ್ಪಿಗೆ ಬರಲ್ಲ ಕಣಪ್ಪ."

ನಾನು ಮುದ್ದೆ ಮುರಿದೆ.

"ನಿನ್ ಹಲ್ಲು ನಿನ್ ಬಾಯಾಗೇ ಐತೆ. ಇದು ನಿಂಗ್ಯಾಕೆ?" ಎಂದರು ಅವರು, ಸೆರಗಿನಲ್ಲಿದ್ದುದನ್ನು ಮುಟ್ಟಿಕೊಂಡು.

ಎಂ.ಎ.ಯಲ್ಲಿ ತರ್ಕವನ್ನೂ ಓದಿದ್ದೇನೆ. ಇದಕ್ಕೆ ಪ್ರತಿವಾದ ಹೊಳೆಯಲಿಲ್ಲ. ಐದು ಜನರ ದವಡೆ ತೆಗೆದುಕೊಂಡು ಬಂದೆ. ನನ್ನದು ಈಗ ಆ ಫೋಟೋದ ಕೆಳಗಿನ ಗೂಡಿನಲ್ಲಿದೆ.

ನವೆಂಬರ್ 8, ಶನಿವಾರ

ದವಡೆಗಳಿಂದ ಕುಂಕುಮ ಹೋಗುತ್ತಿಲ್ಲ. ಹಲ್ಲುಜ್ಜುವ ಬ್ರಷ್ಷಿನಿಂದಲೇ ತಿಕ್ಕಿದೆ. ಪ್ಲಾಸ್ಟರ್ ಬಣ್ಣ ಕುಡಿದುಬಿಟ್ಟಿದೆ. ಶೃತಿಯ ಮೇಲ್ದವಡೆ ಪೂರ್ತಿ ಅರಿಶಿನ. ಅವ್ವ ಬಂದು ನೋಡಿ, "ಯಾರ ಹಲ್ಲೋ ಉಜ್ಜಾಕೆ ಅಂತ ಓದ್ಸಿದ್ನಾ ನಿನ್ನ?" ಎಂದಳು. ನಡೆದದ್ದನ್ನು ಹೇಳಿದೆ. ಅವಳು ನಕ್ಕಿದ್ದಕ್ಕೆ ಪಕ್ಕದ ಮನೆಯವರು ಬಂದರು. ಅವರಿಗೂ ಹೇಳಬೇಕಾಯಿತು.

ನವೆಂಬರ್ 10, ಸೋಮವಾರ

ಮೇಡಂ ಬಂದರು. ಮೇಜಿನ ಮೇಲೆ ಅರಿಶಿನ ಕುಂಕುಮದ ಐದು ದವಡೆಗಳು ಸಾಲಾಗಿ ಕೂತಿದ್ದವು. "ಮಹಾಂತೇಶ್, ಇದೇನು ಆಯುಧಪೂಜೆನಾ?"

ಹೇಳಿದೆ. ಸಂಕ್ಷಿಪ್ತವಾಗಿ ಹೇಳುವ ಉದ್ದೇಶವಿತ್ತು. ಆದರೆ ನಡುವೆ ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಬಂದು ನಿಂತು, "ಮೊದ್ಲಿಂದ ಹೇಳ್ರಿ, ನಮಗೆ ಕೇಳ್ಲಿಲ್ಲ" ಎಂದರು. ಮೊದಲಿನಿಂದ ಹೇಳಿದೆ. ಜುಂಜಮ್ಮ ಕೈ ತಡಕಾಡಿದ್ದನ್ನು ತೋರಿಸದಿದ್ದರೆ ಅರ್ಥವಾಗುವುದಿಲ್ಲ ಎಂದು ತೋರಿಸಿದೆ. ಕೆಲಸ ಹೋಗುವುದೆಂದು ಕಾದಿದ್ದೆ. ಮೇಡಂ ನಗುತ್ತ ಕನ್ನಡಕ ಒರೆಸಿಕೊಂಡರು. ಶೃತಿಯ ದವಡೆಯನ್ನು ಬೆಳಕಿಗೆ ಹಿಡಿದು ಅಳತೆ ತೆಗೆದು ನೋಡಿದರು. ಬಣ್ಣ ಕುಡಿದರೂ ಅಳತೆ ಕೆಟ್ಟಿಲ್ಲವಂತೆ. ಬದುಕಿದೆ.

"ಎಲ್ಲರ ದವಡೆ ತಂದು ನಿನ್ನದೊಂದು ಬಿಟ್ಟು ಬಂದೆಯಾ? ಕೂತ್ಕೊ. ಇನ್ನೊಂದು ತೆಗೀತೀನಿ. ನಿನಗೂ ಕಂಬಿ ಹಾಕಿಬಿಡೋಣ. ಎಷ್ಟು ದಿನ ಅಂತ ಮಾಸ್ಕ್ ಹಿಂದೆ ಇರ್ತೀಯ?"

ಮತ್ತೆ ಗುಲಾಬಿ ಹಿಟ್ಟು. ಮತ್ತೆ ಹತ್ತು ಮಿಲಿಮೀಟರ್. ಹಿಂದಿನ ಹಲ್ಲುಗಳ ಸಂದಿಗೆ ಪುಟ್ಟ ರಬ್ಬರ್ ಉಂಗುರ ಹಾಕಿ ಜಾಗ ಮಾಡಿದರು. ಎಷ್ಟು ಒಳಗೆ ತಳ್ಳಲಿ ಎಂದು ಕೇಳಿದರು. ಪೂರ್ತಿ ಎಂದೆ.

ನವೆಂಬರ್ 13, ಗುರುವಾರ

ಮೊಳಕಾಲ್ಮೂರು. ಶೃತಿ ತನ್ನ ಹಳದಿ ದವಡೆಯನ್ನು ನೋಡಿ, ಯಾಕೆ ಹಿಂಗಾತು ಹೇಳುವವರೆಗೂ ಬಾಯಿ ತೆಗೆಯುವುದಿಲ್ಲ ಎಂದು ಹಟ ಹಿಡಿದಳು. ಹೇಳಿದೆ. ಅವಳ ದವಡೆಗೆ ಹೂ ಇಟ್ಟಿದ್ದರೆಂಬಲ್ಲಿ ಅವಳು ಬಾಯಿ ಅಗಲಿಸಿ ನಕ್ಕಳು. ಮೇಡಂ ಕಾದಿದ್ದವರಂತೆ ಟಕ್ಕೆಂದು ಪ್ಲೇಟು ಕೂರಿಸಿಬಿಟ್ಟರು. ಸರಿಯಾಗಿ ಕೂತಿತು. ಶೃತಿ ಕನ್ನಡಿ ನೋಡಿಕೊಂಡು, "ನನ್ ಹಲ್ಲಿಗೆ ಪೂಜೆ ಮಾಡಿದ್ರು ಅಂತ ಕ್ಲಾಸ್ನಾಗೆ ಹೇಳ್ತೀನಿ" ಎಂದು ಜೊಲ್ಲು ಸುರಿಸುತ್ತ ಹೋದಳು.

ಇವತ್ತು ಮೇಡಂ ನನಗೆ ಮತ್ತೆ ಮತ್ತೆ ಗದರಿದರು. "ಮಹಾಂತೇಶ್, ಮಾಸ್ಕ್! ರೋಗಿ ಬಾಯಿ ಮುಂದೆ ಮಾಸ್ಕಿಲ್ಲದೆ ನಿಲ್ತಾರಾ?" ಎಲ್ಲಿಟ್ಟೆನೋ ನೆನಪಾಗಲಿಲ್ಲ. ಸೆಕೆ ಬೇರೆ. ಮರೆವು ಹೆಚ್ಚಾಗುತ್ತಿದೆ. ಬಾದಾಮಿ ತಿನ್ನಬೇಕು. ಆದರೆ ರಬ್ಬರ್ ಉಂಗುರದ ನೋವಿಗೆ ಅಗಿಯಲಾಗುವುದಿಲ್ಲ.

ನವೆಂಬರ್ 19, ಬುಧವಾರ

ಇವತ್ತು ಕಂಬಿ ಕಟ್ಟುವ ದಿನ. ತುಟಿಗಳನ್ನು ನಾಲ್ಕೂ ಕಡೆಗೆ ಎಳೆದು ಹಿಡಿಯುವ ಒಂದು ಪ್ಲಾಸ್ಟಿಕ್ ಸಾಧನ ಇದೆ. ಅದನ್ನು ಹಾಕಿಕೊಂಡರೆ ಬಾಯಿ ಮುಚ್ಚಲಾಗದು, ಮಾತಾಡಲಾಗದು, ಎಲ್ಲ ಹಲ್ಲುಗಳೂ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಕಾಣುತ್ತವೆ. ನಾನು ಅದನ್ನು ಹಾಕಿಕೊಂಡು ಕುರ್ಚಿಯಲ್ಲಿ ಮಲಗಿದ್ದೆ. ಬಾಗಿಲು ತೆರೆದೇ ಇತ್ತು. ಹೊರಗೆ ಕಾಯುತ್ತಿದ್ದವರು ನೋಡುತ್ತಿದ್ದರು. ಒಬ್ಬರಿಗೆ ಕೈ ಬೀಸಿ ಕೂರಲು ಹೇಳಿದೆ.

ಆಗ ಹೊನ್ನಕ್ಕ ಬಂದರು. ಹಿಂದೆ ಯರ್ರಪ್ಪ. ಹೋದ ವಾರ ಅವನು ಹೇಗಿದ್ದೀಯ ಎಂದು ಫೋನ್ ಮಾಡಿದಾಗ ಕಂಬಿ ಹಾಕುವ ವಿಷಯ ಹೇಳಿದ್ದೆ. ಅವನು ಮನೆಯಲ್ಲಿ ಹೇಳಿದ್ದಾನೆ. ಹೊನ್ನಕ್ಕನ ಕೈಯಲ್ಲಿ ಅದೇ ಕೆಂಪು ಚೀಲ.

"ನೀನೇನವ್ವ ಡಾಕ್ಟ್ರಮ್ಮ? ನಮ್ಮ ಯಜಮಾನ್ರ ಹಲ್ಲು ಒಳಗೆ ತಳ್ತೀಯಂತೆ?"

ಮೇಡಂ ಇಕ್ಕಳ ಹಿಡಿದುಕೊಂಡೇ ನಿಂತರು. "ಅಜ್ಜಿ, ಇದು ಮಹಾಂತೇಶನ ಹಲ್ಲು."

"ಇರ್ಲಿ. ಇಬ್ರದೂ ಒಂದೇ ಐತೆ. ನೋಡು." ಸೆರಗಿನಿಂದ ನನ್ನ ದವಡೆ ಹೊರಗೆ ಬಂತು. ಕುಂಕುಮ ಹೊಸದಾಗಿತ್ತು. ಅದನ್ನು ನನ್ನ ಎದೆಯ ಮೇಲೆ ಇಟ್ಟರು. "ಹುಡುಗಂಗೆ ಕಷ್ಟ ಆಗ್ತೈತೆ ಅಂದ್ರೆ ತಳ್ಳು. ಬ್ಯಾಡ ಅನ್ನಲ್ಲ. ಆದ್ರೆ ಪೂರಾ ತಳ್ಬ್ಯಾಡ. ಒಸಿ ಬಿಡು."

"ಎಷ್ಟು ಬಿಡಲಿ ಅಜ್ಜಿ?"

ಹೊನ್ನಕ್ಕ ಚೀಲಕ್ಕೆ ಕೈ ಹಾಕಿದರು. ಅದರ ತುಂಬ ರಾಗಿ ಇತ್ತು. ಕಂಬಿ ಹಾಕಿದರೆ ಅಗಿಯಲಾಗುವುದಿಲ್ಲ, ಮುದ್ದೆಯಾದರೆ ನುಂಗಿದರೆ ಸಾಕು ಎಂದು ನನಗಾಗಿ ತಂದಿದ್ದರು. ಕಾಳು ಎಣಿಸಿ ಮೇಡಂ ಅಂಗೈಗೆ ಹಾಕಿದರು. "ನಾಲ್ಕ್ ಕಾಳಷ್ಟು."

"ನಾಲ್ಕು ಆಗಲ್ಲ ಅಜ್ಜಿ. ಅಷ್ಟು ಬಿಟ್ಟರೆ ನಾನು ಏನೂ ಮಾಡಿದ ಹಾಗೇ ಇಲ್ಲ."

"ಮೂರು."

"ಅವ್ವಾ, ಅದೇನು ಕುರಿ ವ್ಯಾಪಾರನಾ?" ಎಂದ ಯರ್ರಪ್ಪ.

"ನೀ ಸುಮ್ಕಿರ್ಲಾ. ಎರಡು ಬಿಡು ಡಾಕ್ಟ್ರಮ್ಮ."

ಮೇಡಂ ಒಂದು ಕಾಳನ್ನು ಸ್ಟೀಲ್ ಸ್ಕೇಲಿನ ಮೇಲೆ ಇಟ್ಟು ಕನ್ನಡಕ ಸರಿಮಾಡಿಕೊಂಡು ನೋಡಿದರು. ಎರಡು ಮಿಲಿಮೀಟರಿಗೆ ಕೂದಲೆಳೆ ಕಡಿಮೆ. "ಒಂದು. ಅದಕ್ಕಿಂತ ಹೆಚ್ಚು ಆಗಲ್ಲ."

ಹೊನ್ನಕ್ಕ ಯೋಚಿಸಿದರು. ಚೀಲದಲ್ಲಿ ಮತ್ತೆ ಹುಡುಕಿ ಇನ್ನೊಂದು ಕಾಳು ಆರಿಸಿದರು. "ಹಂಗಾದ್ರೆ ಇದು. ದಪ್ಪಂದು."

ಮೇಡಂ ಅದನ್ನೂ ಅಳೆದರು. ಸರಿಯಾಗಿ ಎರಡು. "ಆಯ್ತು ಅಜ್ಜಿ. ಇಷ್ಟು ನಿಮ್ಮ ಯಜಮಾನರಿಗೆ ಬಿಡ್ತೀನಿ."

ಎರಡು ಮಿಲಿಮೀಟರ್ ಎಲ್ಲರಿಗೂ ಬಿಡುತ್ತಾರೆ. ಅದೇ ಲೆಕ್ಕ. ಮೊಳಕಾಲ್ಮೂರಿನ ಶೃತಿಗೂ ಬಿಡುತ್ತಾರೆ. ಮೇಡಂ ನನ್ನ ಕಡೆ ತಿರುಗಿ, "ನಿನಗೇನಾದ್ರೂ ಹೇಳೋದಿದೆಯಾ ಮಹಾಂತೇಶ್?" ಎಂದರು. ಹೇಳಬೇಕೆಂದರೂ ತುಟಿಗಳು ಕಿವಿಯ ಹತ್ತಿರ ಇದ್ದವು. ಒಂದು ಬೆರಳು ಎತ್ತಿ ತೋರಿಸಿದೆ. ಒಂದು ಕಾಳು, ಒಪ್ಪಿಗೆ.

ಹೊನ್ನಕ್ಕ ಗೆದ್ದವರ ಹಾಗೆ ಮಗನ ಕಡೆ ನೋಡಿದರು. ತಮ್ಮ ದವಡೆಯನ್ನು ಸೆರಗಿಗೆ ಹಾಕಿಕೊಂಡರು. "ಕೂಸು ಹುಟ್ಟಿದ್ಮ್ಯಾಲೆ ಬಾರಪ್ಪ. ಯಾರ ಹಲ್ಲು ಬರ್ತವೆ ನೋಡಾನ. ಇವಳು ಮೋಸ ಮಾಡಿದ್ರೆ ನಂಗೆ ಹೇಳು," ಎಂದು ಮೇಡಂ ಎದುರೇ ನನಗೆ ಹೇಳಿ ಹೋದರು.

ಕಂಬಿ ಬಿದ್ದಿದೆ. ಹಲ್ಲೆಲ್ಲ ಜುಮ್ಮೆನ್ನುತ್ತಿದೆ. ಅವ್ವ ಆ ರಾಗಿ ಬೀಸಿಸಿಕೊಂಡು ಬರಲು ಹೋಗಿದ್ದಾಳೆ.

ಸಂಜೆ ಕಪಾಟು ಬೀಗ ಹಾಕುವಾಗ ನನ್ನ ಹೊಸ ದವಡೆ ಕೈಗೆ ಸಿಕ್ಕಿತು. ತಿರುಗಿಸಿ ನೋಡಿದೆ. ತಳದಲ್ಲಿ ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರಿನ ಪಕ್ಕ ಮೇಡಂ ಗೋಂದು ಹಚ್ಚಿ ಒಂದು ರಾಗಿ ಕಾಳು ಅಂಟಿಸಿದ್ದಾರೆ. ದಪ್ಪದ್ದು.